ಗೆರೆಯ ಒಳಗಿನ ಮನೆ

ಕತಾರಿನ ಅಲ್ ಖೋರ್‌ನಲ್ಲಿ ನಾವಿದ್ದ ಮನೆ ಅಪ್ಪನ ಕಂಪನಿಯದು. ಒಂದೇ ಅಚ್ಚಿನಲ್ಲಿ ಒತ್ತಿ ತೆಗೆದಂಥ ಮನೆಗಳ ಸಾಲಿನಲ್ಲಿ ಅದೂ ಒಂದು. ಬಿಸ್ಕತ್ತಿನ ಬಣ್ಣದ ಗೋಡೆ, ಕಬ್ಬಿಣದ ಗೇಟು, ಗೇಟಿನ ಪಕ್ಕ ಯಾರೋ ನಮಗಿಂತ ಮೊದಲು ಇದ್ದವರು ನೆಟ್ಟಿದ್ದ ಒಂದು ಬೋರೆ ಗಿಡ. ಒಳಗೆ ಹೋದರೆ ಉದ್ದನೆಯ ಹಾಲು, ಎರಡು ಮಲಗುವ ಕೋಣೆ, ಕೊನೆಗೆ ಅಡುಗೆಮನೆ. ಅಪ್ಪ ಬಾಗಿಲಲ್ಲೇ ಬೂಟು ಬಿಚ್ಚುತ್ತಿದ್ದ. ಅವನು ಸರ್ವೇಯರ್. ದಿನವಿಡೀ ಮರಳಿನಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಹಿಂದೆ ನಿಂತು ಜಾಗ ಅಳೆಯುವವನು. ಆ ಬೂಟುಗಳಿಂದ ಉದುರುತ್ತಿದ್ದ ಬಿಳಿ ಮಣ್ಣನ್ನು ಅವ್ವ ಸಂಜೆಗೊಮ್ಮೆ ಗುಡಿಸುತ್ತಿದ್ದಳು. ಬೆಳಿಗ್ಗೆ ಅವನು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಮನೆಯಲ್ಲಿ ಮಿಕ್ಸರ್ ಕೂಡ ಓಡುತ್ತಿರಲಿಲ್ಲ. ಅವನು ಎದ್ದ ಮೇಲೆ ಅವ್ವ ರೊಟ್ಟಿ ಬಡಿಯಲು ಶುರುಮಾಡುತ್ತಿದ್ದಳು. ಊರಿಂದ ಬಂದವರ ಕೈಯಲ್ಲಿ ತರಿಸಿದ ಜೋಳದ ಹಿಟ್ಟು, ಕಲ್ಲಿನ ಕಟ್ಟೆಯ ಮೇಲೆ ಅವಳ ಎರಡು ಕೈ. ಪಕ್ಕದ ಮನೆಯ ಮಲಯಾಳಿ ಆಂಟಿ ಹೊಸದರಲ್ಲಿ ಆ ಸದ್ದು ಕೇಳಿ ನಮ್ಮ ಮನೆಯಲ್ಲಿ ಹೊಡೆದಾಟ ನಡೆದಿದೆ ಎಂದುಕೊಂಡು ಬಾಗಿಲು ತಟ್ಟಿದ್ದರು. ಆಗ ನಾವು ಹೊಡೆದಾಡುವವರಾಗಿರಲಿಲ್ಲ. ಮುಂದೆಯೂ ಹೊಡೆದಾಡಲಿಲ್ಲ. ನಮ್ಮ ಮನೆ ಒಡೆದದ್ದು ಸದ್ದಿಲ್ಲದೆ.

ಊಟಕ್ಕೆ ಕೂತಾಗ ಅವ್ವ ತನ್ನ ತವರುಮನೆಯ ಮಾತು ತೆಗೆಯುತ್ತಿದ್ದಳು. ಮಲಪ್ರಭೆಯ ದಂಡೆಯ ಮೇಲೆ ಹಳೆಯ ಗುಡಿಗಳ ನಡುವೆ ಒತ್ತಿಕೊಂಡ ಒಂದು ಊರು. ಅಲ್ಲಿ ಗುಡಿ ಯಾವುದು, ಮನೆ ಯಾವುದು ಎಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಅವಳ ಮುತ್ತಜ್ಜನೋ ಅವನ ಅಜ್ಜನೋ ಪಾಳುಬಿದ್ದ ಒಂದು ಮಂಟಪಕ್ಕೆ ಮಣ್ಣಿನ ಗೋಡೆ ಎತ್ತಿ ಸಂಸಾರ ಹೂಡಿದ್ದ. ಹಾಗಾಗಿ ಅವಳ ಅಡುಗೆಮನೆಯ ನಟ್ಟನಡುವೆ ಒಂದು ಕಲ್ಲಿನ ಕಂಬ. ಕಂಬದ ಮೇಲೆ ಸೊಂಟ ಬಳುಕಿಸಿ ನಿಂತ ಒಬ್ಬ ಹೆಂಗಸು. ಒಲೆಯ ಹೊಗೆಗೆ ಅವಳ ಮುಖ ಕರ್ರಗಾಗಿತ್ತು. ಮನೆಯವರು ಅವಳನ್ನು ಕಂಬದವ್ವ ಎನ್ನುತ್ತಿದ್ದರು. ಶುಕ್ರವಾರ ಅರಿಶಿನ ಹಚ್ಚುತ್ತಿದ್ದರು, ಮಿಕ್ಕ ದಿನ ಅವಳ ಮೊಣಕೈಗೆ ಒರೆಸುವ ಬಟ್ಟೆ ನೇತುಹಾಕುತ್ತಿದ್ದರು. ಅವ್ವ ಹುಟ್ಟಿದ್ದು ಆ ಕಂಬದ ಬುಡದಲ್ಲಿ. ನಾನು ನಾಲ್ಕನೆಯ ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ‘ನನ್ನ ತಾಯಿ’ ಎಂಬ ಪ್ರಬಂಧ ಬರೆಯುವಾಗ ಅವಳು ಗುಡಿಯಲ್ಲಿ ಹುಟ್ಟಿದವಳು ಎಂದು ಬರೆದು ಟೀಚರ್ ಹತ್ತಿರ ಬೈಸಿಕೊಂಡಿದ್ದೆ.

ಆ ವರ್ಷದ ಬೇಸಿಗೆ ರಜೆಯಲ್ಲಿ ನಾವು ಊರಿಗೆ ಹೋದಾಗ ಆ ಮನೆಗೆ ನೋಟಿಸು ಬಂದಿತ್ತು. ಗುಡಿಗಳ ಸುತ್ತ ಸಂರಕ್ಷಿತ ಪ್ರದೇಶವೆಂದು ಗೆರೆ ಎಳೆದಿದ್ದರು. ಗೆರೆಯ ಒಳಗಿದ್ದವರು ಮನೆ ಬಿಡಬೇಕು, ಊರಾಚೆ ಹೊಸ ಕಾಲೊನಿಯಲ್ಲಿ ಜಾಗ ಕೊಡುತ್ತಾರೆ. ಮನೆಯಲ್ಲಿ ಆಗ ಇದ್ದವರು ಅವ್ವನ ತಮ್ಮ ಈರಣ್ಣ ಮಾಮಾ, ಅವನ ಹೆಂಡತಿ, ಮಕ್ಕಳು. ಮಾಮಾ ಎರಡು ದಿನ ನಮಗೆ ಉಣ್ಣಲಿಕ್ಕೆ ನೀಡಿ, ಮೂರನೆಯ ದಿನ ಅಪ್ಪನ ಮುಂದೆ ಕೂತ.

“ಭಾವಾರ, ನಮ್ಮೊಳಗ ಈ ಕೆಲಸ ಗೊತ್ತಿದ್ದಾವ್ರು ನೀವೊಬ್ರ. ಒಂದು ಸಲ ಅಳದು ನೋಡ್ರಿ. ಗೆರಿ ನಮ್ಮ ಮನಿ ಹಿಂದಿಂದ ಹೋಗ್ತೈತಿ ಅಂತ ಬರಕೊಟ್ರ, ಅದನ್ನ ಹಿಡಕೊಂಡು ಸಾಹೇಬ್ರ ಹಂತ್ಯಾಕ ಹೋಗ್ತೀನಿ.”

ಅಪ್ಪ ಅಳೆದ. ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಆ ಕಲ್ಲಿನಿಂದ ಈ ಕಲ್ಲಿಗೆ ಟೇಪು ಹಿಡಿದು ಓಡಾಡಿದ. ಅವ್ವ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು, ಅವಳ ಮುಖದಲ್ಲಿ ಗಂಡನ ಬಗ್ಗೆ ಒಂದು ಹೆಮ್ಮೆ ಇತ್ತು. ಅಂಥ ಮುಖ ಅವಳದು ನಾನು ಮತ್ತೆ ನೋಡಲಿಲ್ಲ. ಅಪ್ಪ ಕೈಕಾಲು ತೊಳೆದುಕೊಂಡು ಒಳಗೆ ಬಂದು ಹೇಳಿದ.

“ಈರಣ್ಣ, ಮನಿ ಗೆರಿ ಒಳಗ ಐತಿ.”

“ಒಂಚೂರು ಈ ಕಡೆ ಸರಸಾಕ ಬರಂಗಿಲ್ಲೇನ್ರಿ?”

“ನಾ ಸರಸಿ ಬರದ್ರ ನಾಳೆ ಅವ್ರೂ ಬಂದು ಅಳೀತಾರ. ಸುಳ್ಳ ಅಂತ ಗೊತ್ತಾದ್ರ ಕೊಡೋ ಜಾಗಾನೂ ಕೊಡಂಗಿಲ್ಲ.”

ಮಾಮಾ ಹೆಂಡತಿಗೆ ಚಹಾ ಇಡಲು ಹೇಳಿದ. ಅಪ್ಪನ ಮಾತನ್ನು ನಂಬಿ ಅವನು ತಕರಾರು ಹಾಕಲಿಲ್ಲ, ಕೊಟ್ಟ ಜಾಗಕ್ಕೆ ಒಪ್ಪಿ ಸಹಿ ಮಾಡಿದ. ಅದೇ ಓಣಿಯಲ್ಲಿ ಗೆರೆಯಿಂದ ಇನ್ನೂ ಒಳಗಿದ್ದ ಮನೆಯವರು ಅಳತೆ ಗಿಳತೆ ನೋಡದೆ ತಕರಾರು ಹಾಕಿದರು, ಆಮೇಲೆ ಬಹಳ ವರ್ಷ ಅಲ್ಲೇ ಒಲೆ ಹಚ್ಚಿಕೊಂಡು ಇದ್ದರು. ಇದು ನಮಗೆ ಗೊತ್ತಾಗುವ ಹೊತ್ತಿಗೆ ಏನೂ ಮಾಡುವಂತಿರಲಿಲ್ಲ.

ಅಲ್ ಖೋರ್‌ಗೆ ವಾಪಸು ಬಂದ ಮೇಲೆ ಒಂದು ಮಧ್ಯಾಹ್ನ, ಅಪ್ಪ ಊಟಕ್ಕೆ ಕೂತಿದ್ದಾಗ, ಅವ್ವ ರೊಟ್ಟಿ ಹಾಕಿ ಅಲ್ಲೇ ನಿಂತಳು.

“ನೀವು ಅಳೀದಿದ್ರ ಏನಾಗ್ತಿತ್ತು?”

“ನಾ ಅಳದ್ರೂ ಅಷ್ಟ, ಅಳೀದಿದ್ರೂ ಅಷ್ಟ, ಗಂಗಾ. ಗೆರಿ ಅವ್ರು ಮೊದಲ ಎಳದಿದ್ರು.”

“ಅಷ್ಟ ಅಂದ್ರ ಯಾಕ ಅಳದ್ರಿ?”

ಅಪ್ಪ ರೊಟ್ಟಿ ಮುರಿದುಕೊಂಡ. ಅಳೆಯಲು ಹೇಳಿದರೆ ಅಳೆಯುವುದು, ಬಂದದ್ದನ್ನು ಹೇಳುವುದು, ಇದರಾಚೆ ಅವನು ಯೋಚಿಸಿದವನಲ್ಲ. ಅಂದಿನಿಂದ ಊಟದ ಹೊತ್ತಿನ ತವರುಮನೆಯ ಮಾತು ನಿಂತಿತು. ಅವ್ವ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ತಾನು ಮಾತ್ರ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದಳು. ಟಿವಿಯ ಸದ್ದು ಹೆಚ್ಚಾಯಿತು. ನಾನು ಹಾಲಿನಲ್ಲಿ ಅಪ್ಪನ ಜೊತೆ ಅರ್ಧ ಉಂಡು, ತಟ್ಟೆ ಹಿಡಿದು ಒಳಗೆ ಹೋಗಿ ಅವ್ವನ ಜೊತೆ ಅರ್ಧ ಉಣ್ಣುವುದನ್ನು ರೂಢಿ ಮಾಡಿಕೊಂಡೆ. ಇವತ್ತಿಗೂ ನನಗೆ ಒಂದು ಕಡೆ ಕೂತು ಪೂರ್ತಿ ಊಟ ಮಾಡಲು ಬರುವುದಿಲ್ಲ. ಗಂಡ ನಗುತ್ತಾನೆ, ಮಗಳು ನೋಡಿ ಕಲಿಯುತ್ತಿದ್ದಾಳೆ.

ಚಳಿಗಾಲ ಶುರುವಾಗುವಾಗ ಅಪ್ಪನ ಕಂಪನಿಗೆ ಒಂದು ಹೊಸ ಕೆಲಸ ಬಂತು. ಅಲ್ ಖೋರ್‌ನಿಂದ ಇನ್ನೂ ಉತ್ತರಕ್ಕೆ, ಸಮುದ್ರದ ಕಡೆ, ಜನ ಬಿಟ್ಟುಹೋದ ಒಂದು ಹಳ್ಳಿ. ಹವಳದ ಕಲ್ಲು, ಗಚ್ಚಿನ ಮೊಂಡುಗೋಡೆಗಳು, ಒಂದು ಬಾವಿ, ಸೂರಿಲ್ಲದ ಸಣ್ಣ ಮಸೀದಿ. ಪಟ್ಟಣದಲ್ಲಿ ಕರೆಂಟು, ನೀರು, ಕೆಲಸ ಬಂದ ಮೇಲೆ ಅಲ್ಲಿಯ ಕುಟುಂಬಗಳು ಒಂದೊಂದಾಗಿ ಎದ್ದುಹೋಗಿದ್ದವು. ಆ ಹಳ್ಳಿಯ ಕೆಳಗೆ ಇನ್ನೂ ಹಳೆಯ ಒಂದು ಹಳ್ಳಿ ಇದೆ ಎಂದು ಹಳೆಯ ಕಾಲದ ಕುರುಹು ಹುಡುಕಿ ಅಗೆಯುವವರಿಗೆ ತಿಳಿದಿತ್ತು. ಹಾಗಾಗಿ ಅಷ್ಟೂ ಜಾಗವನ್ನು ಸಂರಕ್ಷಿತವೆಂದು ಗೊತ್ತುಮಾಡಿ ಬೇಲಿ ಹಾಕುವುದಿತ್ತು. ಬೇಲಿ ಎಲ್ಲಿ ಬರಬೇಕು ಎಂದು ಗೂಟ ಹೊಡೆಯುವ ಕೆಲಸ ಅಪ್ಪನಿಗೆ ಬಿತ್ತು. ಅವ್ವನ ಹಿಂದಿನ ಸಿಟ್ಟು ಇಳಿಯಲಿ ಎಂದೋ ಏನೋ, ಅವನು ಶುಕ್ರವಾರಗಳಲ್ಲಿ ನಮ್ಮನ್ನೂ ಪಿಕಪ್‌ನಲ್ಲಿ ಕರೆದುಕೊಂಡು ಹೋಗತೊಡಗಿದ. ಶುಕ್ರವಾರ ರಜೆ, ಕೆಲಸದವರು ಯಾರೂ ಅಲ್ಲಿ ಇರುತ್ತಿರಲಿಲ್ಲ. ಅಪ್ಪ ವಾರದ ಗೂಟಗಳನ್ನು ಸುಮ್ಮನೆ ಒಮ್ಮೆ ನೋಡಿಕೊಂಡು ಬರುತ್ತಿದ್ದ, ನಾನು ಕಪ್ಪೆಚಿಪ್ಪು ಆರಿಸುತ್ತಿದ್ದೆ, ಅವ್ವ ಬುತ್ತಿ ಬಿಚ್ಚದೆ ಗಾಡಿಯ ನೆರಳಲ್ಲಿ ಕೂತಿರುತ್ತಿದ್ದಳು.

ಅಲ್ಲಿಗೆ ಬರುತ್ತಿದ್ದ ಇನ್ನೊಬ್ಬರೆಂದರೆ ಉಮ್ ನಾಸಿರ್. ಹಾಗೆಂದರೆ ನಾಸಿರನ ತಾಯಿ. ಅವರ ಸ್ವಂತ ಹೆಸರು ನಮಗೆ ಕೊನೆಗೂ ಗೊತ್ತಾಗಲಿಲ್ಲ. ಎಪ್ಪತ್ತು ದಾಟಿದ ಹೆಂಗಸು. ಮಗ ನಾಸಿರ್ ದೊಡ್ಡ ಗಾಡಿಯಲ್ಲಿ ತಂದು ಇಳಿಸಿ, ತಾನು ಫೋನು ಹಿಡಿದು ಗಾಡಿಯಲ್ಲೇ ಕೂರುತ್ತಿದ್ದ. ಅವರು ಒಂದು ಚಾಪೆ, ಒಂದು ಫ್ಲಾಸ್ಕು ತೆಗೆದುಕೊಂಡು ಒಂದು ಮುರುಕು ಮನೆಯೊಳಗೆ ಹೋಗಿ ಕೂರುತ್ತಿದ್ದರು. ಮೊದಲ ದಿನ ಅವ್ವನನ್ನು ನೋಡಿ ಕೈ ಬೀಸಿ ಕರೆದರು.

“ತಾಲ್, ತಾಲ್. ಇದು ನನ್ನ ಬೈತ್.”

ಬಾ, ಇದು ನನ್ನ ಮನೆ. ಮನೆಗೆಲಸದ ಹೆಂಗಸರಿಂದ ಕಲಿತ ಹಿಂದಿ ಅವರದು, ಟಿವಿ ನೋಡಿ ಕಲಿತದ್ದು ಅವ್ವನದು. ಎರಡೂ ಸೇರಿ ಒಂದು ಭಾಷೆ ಆಯಿತು. ಅವರು ಹುಟ್ಟಿದ ಕೋಣೆ, ಅವರ ತಾಯಿ ರೊಟ್ಟಿ ಸುಡುತ್ತಿದ್ದ ಮೂಲೆ, ಎಲ್ಲವನ್ನೂ ಅವ್ವನ ಕೈ ಹಿಡಿದು ತೋರಿಸಿದರು. ಒಂದು ಚಿಕ್ಕ ಕೋಣೆಯ ನೆಲದಲ್ಲಿ ಉದ್ದುದ್ದ ಕಾಲುವೆಯಂಥ ಗೀರುಗಳಿದ್ದವು. ಖರ್ಜೂರದ ಚೀಲಗಳನ್ನು ಅಲ್ಲಿ ಒಂದರ ಮೇಲೊಂದು ಪೇರಿಸಿ ಇಟ್ಟರೆ ಭಾರಕ್ಕೆ ರಸ ಒಸರಿ, ಆ ಗೀರುಗಳಲ್ಲಿ ಹರಿದು ಮೂಲೆಯ ಗಡಿಗೆಗೆ ಬೀಳುತ್ತಿತ್ತಂತೆ. ಹುಡುಗಿಯಾಗಿದ್ದಾಗ ಅವರು ಕದ್ದು ಬೆರಳು ಅದ್ದಿ ನೆಕ್ಕುತ್ತಿದ್ದರಂತೆ. ಅವ್ವ ಬಗ್ಗಿ ಆ ಗೀರಿನಲ್ಲಿ ಬೆರಳು ಎಳೆದಳು. ಆಮೇಲೆ ಬುತ್ತಿ ಬಿಚ್ಚಿದಳು. ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯನ್ನು ಉಮ್ ನಾಸಿರ್ ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದರು. ಗಂಡ ಅಳೆದ ಮನೆಯ ಬಗ್ಗೆ ಅವ್ವ ಬಾಯಿಬಿಟ್ಟು ಹೇಳಿದ್ದು ಆ ಹೆಂಗಸಿಗೆ ಮಾತ್ರ. ಆ ಚಳಿಗಾಲದ ಕೆಲವು ಶುಕ್ರವಾರ ಅವ್ವ ಕೂತು ಉಂಡಳು.

ಗೂಟಗಳು ಮಾತ್ರ ಪ್ರತಿ ವಾರ ಮುಂದಕ್ಕೆ ಬರುತ್ತಿದ್ದವು. ಅಗೆಯುವ ತಂಡ ಉಮ್ ನಾಸಿರ್ ಮನೆಯ ಅಂಗಳದಲ್ಲಿ ಚೌಕಾಕಾರದ ಹೊಂಡ ತೋಡಿತು. ರೊಟ್ಟಿ ಸುಡುತ್ತಿದ್ದ ಮೂಲೆಯ ಬೂದಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಚೀಟಿ ಅಂಟಿಸಿ ಒಯ್ದಿದ್ದರು. ಉಮ್ ನಾಸಿರ್ ಹೊಂಡದ ಅಂಚಿನಲ್ಲಿ ನಿಂತು, ಅವರಿಗೆ ಬೂದಿ ಯಾಕೆ ಬೇಕು ಎಂದು ಅವ್ವನನ್ನು ಕೇಳಿದರು. ಅವ್ವ ಅಪ್ಪನ ಕಡೆ ನೋಡಿದಳು. ಅಂದು ವಾಪಸು ಬರುವಾಗ ಗಾಡಿಯಲ್ಲಿ, ತಿಂಗಳುಗಳ ಮೇಲೆ, ಅವಳೇ ಮೊದಲು ಮಾತಾಡಿದಳು.

“ಬೇಲಿ ಹಾಕಿದ ಮ್ಯಾಲ ಆ ಮುದಿಕಿ ಹೆಂಗ ಬರ್ತಾರ?”

“ಪರ್ಮಿಷನ್ ತಗೊಂಡು ಬರಬೇಕಾಗ್ತೈತಿ.”

“ಒಂದು ಗೇಟ್ ಇಡ್ರಿ. ಆ ಮನಿ ಕಡೆ. ಇಷ್ಟ ನಾ ನಿಮಗ ಕೇಳೋದು.”

“ನಾ ಗೂಟ ಹೊಡ್ಯಾಂವ ಅಷ್ಟ. ಗೇಟ್ ಎಲ್ಲಿ ಬರಬೇಕಂತ ಡ್ರಾಯಿಂಗ್‌ನ್ಯಾಗ ಇರ್ತೈತಿ.”

“ಕೇಳಿ ನೋಡ್ರಿ.”

ಅಪ್ಪ ಕೇಳಿದ. ಇದನ್ನು ಹೇಳಲೇಬೇಕು, ಯಾಕೆಂದರೆ ಅವ್ವ ಕೊನೆಯವರೆಗೂ ನಂಬಲಿಲ್ಲ. ತನ್ನ ಮೇಲಿನವರಿಗೆ ಎರಡು ಸಲ ಕೇಳಿ, ಮೂರನೆಯ ಸಲ ಅವರಿಂದ ಬೈಸಿಕೊಂಡು ಬಂದ. ಆ ಮಾತು ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ, ಅವನ ಜೊತೆ ಕೆಲಸ ಮಾಡಿದವರೊಬ್ಬರಿಂದ. ಮನೆಗೆ ಬಂದು ಅವನು ಹೇಳಿದ್ದು ಒಂದೇ ಶಬ್ದ.

“ಮಾಫಿ.”

ಇಲ್ಲ, ಆಗುವುದಿಲ್ಲ. ಆಫೀಸಿನಲ್ಲಿ ಯಾರು ಹೇಗೆ ಹೇಳಿದರೋ ಹಾಗೇ ತಂದು ಅಡುಗೆಮನೆಯ ಬಾಗಿಲಲ್ಲಿ ಇಟ್ಟ. ಅವ್ವ ತಲೆ ಎತ್ತಲಿಲ್ಲ.

ಬೇಲಿ ನಿಂತ ಮೇಲಿನ ಶುಕ್ರವಾರ ಅಪ್ಪ ಬೇಡವೆಂದರೂ ಅವ್ವ ಹಟ ಹಿಡಿದು ಹೊರಟಳು. ನಾವು ಹೋಗುವಾಗಲೇ ನಾಸಿರನ ಗಾಡಿ ಅಲ್ಲಿತ್ತು. ಹೊಸ ತಂತಿಬೇಲಿ ಬಿಸಿಲಿಗೆ ಹೊಳೆಯುತ್ತಿತ್ತು, ದೂರದಲ್ಲಿ ಬೀಗ ಹಾಕಿದ ಒಂದು ಗೇಟು. ಕಾವಲಿನ ನೇಪಾಳಿ ಮನುಷ್ಯ ಕೈ ಮುಗಿಯುತ್ತ ಕೀಲಿ ತನ್ನ ಹತ್ತಿರ ಇಲ್ಲವೆಂದು ಹೇಳುತ್ತಿದ್ದ. ನಾಸಿರ್ ಫೋನಿನಲ್ಲಿ ಯಾರ ಜೊತೆಗೋ ಗಟ್ಟಿಯಾಗಿ ಮಾತಾಡಿ, ಸೋತು, ಫೋನು ಜೇಬಿಗೆ ಹಾಕಿದ. ಉಮ್ ನಾಸಿರ್ ಬೇಲಿಯ ಹೊರಗೆ, ತಮ್ಮ ಮನೆ ಕಾಣುವ ಕಡೆ, ಚಾಪೆ ಹಾಸಿ ಕೂತು ಅವ್ವನಿಗೂ ತಮಗೂ ಕಾಫಿ ಬಗ್ಗಿಸಿದರು. ಗಾಳಿ ಜೋರಿತ್ತು, ಕಾಫಿಯಲ್ಲಿ ಮರಳು ಬಿತ್ತು. ಇಬ್ಬರೂ ಹಾಗೇ ಕುಡಿದರು. ಅಪ್ಪ ಗಾಡಿಯಿಂದ ಇಳಿಯಲೇ ಇಲ್ಲ. ಹೊರಡುವಾಗ ಉಮ್ ನಾಸಿರ್ ಅವ್ವನ ಕೆನ್ನೆ ಮುಟ್ಟಿ ಹೇಳಿದರು.

“ಖಲಾಸ್, ಗಂಗಾ. ಇನ್ನು ಬರಲ್ಲ.”

ಅದಾದ ಸ್ವಲ್ಪ ದಿನಕ್ಕೆ ಈರಣ್ಣ ಮಾಮಾನ ಫೋನು ಬಂತು. ಮನೆ ಬೀಳಿಸಲು ದಿನ ಗೊತ್ತಾಗಿದೆ, ಸಾಮಾನು ಸಾಗಿಸಬೇಕು, ಅಕ್ಕ ಬಂದರೆ ಒಂದು ಧೈರ್ಯ. ನನಗೆ ಪರೀಕ್ಷೆ ಇತ್ತು, ಅಪ್ಪನಿಗೆ ರಜೆ ಇರಲಿಲ್ಲ. ಅವ್ವ ಒಬ್ಬಳೇ ಹೋದಳು. ವಿಮಾನ ನಿಲ್ದಾಣದಲ್ಲಿ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು. ಅಪ್ಪ ಅವಳ ಪೆಟ್ಟಿಗೆ ತಳ್ಳಿಕೊಂಡು ಬಂದು, ಒಳಗೆ ಬಿಡದ ಕಡೆಯವರೆಗೂ ಬಂದು ನಿಂತ. ಹತ್ತು ದಿನದಲ್ಲಿ ಬರುತ್ತೇನೆ ಎಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಮನೆ ಬಿದ್ದ ದಿನ ಏನಾಯಿತು ಎಂದು ಮಾಮಾ ನಂತರ ಹೇಳಿದ. ಕೆಲಸದವರು ಬಹಳ ಜೋಪಾನದಿಂದ ಕೆಡವಿದರಂತೆ. ಕಲ್ಲಿಗೆ ಪೆಟ್ಟಾಗದ ಹಾಗೆ ಮಣ್ಣಿನ ಗೋಡೆಗಳನ್ನು ಕೈಯಿಂದಲೇ ತೆಗೆದರಂತೆ. ಸಂಜೆ ಹೊತ್ತಿಗೆ ಅಲ್ಲಿ ಮಂಟಪ ಒಂದೇ ನಿಂತಿತ್ತು. ಆಮೇಲೆ ಯಾವುದೋ ಔಷಧಿ ಹಾಕಿ ಕಂಬದ ಹೊಗೆ ತೊಳೆದರು. ಕಂಬದವ್ವನ ಮುಖ ಕಂಡಿತು, ಮೂಗು ಮುರಿದಿತ್ತು. ಅವ್ವ ಅದನ್ನು ನೋಡಲು ನಿಲ್ಲಲಿಲ್ಲ. ಹೊಸ ಕಾಲೊನಿಯ ತಗಡಿನ ಶೆಡ್ಡಿನಲ್ಲಿ ಮಾಮಾನ ಮಕ್ಕಳಿಗೆ ಅಡುಗೆ ಮಾಡಿಕೊಂಡು ಉಳಿದಳು.

ಕತಾರಿನಿಂದ ಹೊರಗೆ ಆರು ತಿಂಗಳು ಇದ್ದರೆ ವೀಸಾ ಹೋಗುತ್ತದೆ. ಇದು ಇಲ್ಲಿ ಬದುಕುವ ಎಲ್ಲ ಮನೆಗಳಿಗೂ ಬಾಯಿಪಾಠವಾದ ಮಾತು. ಅಪ್ಪ ಆ ಮಾತನ್ನು ಎತ್ತಲಿಲ್ಲ. ಅವನು ರೊಟ್ಟಿ ಬಡಿಯಲು ಕಲಿಯುತ್ತಿದ್ದ. ಕಟ್ಟೆಯ ಮೇಲೆ ಹಿಟ್ಟು ಹರಿದುಹೋಗುತ್ತಿತ್ತು. ಕೊನೆಗೆ ಲಟ್ಟಣಿಗೆ ತಂದ, ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಲಟ್ಟಿಸಿದ. ದಪ್ಪಗೆ, ಒಳಗೆ ಬೇಯದ ರೊಟ್ಟಿ. ನಾನು ಚೆನ್ನಾಗಿದೆ ಎಂದು ತಿನ್ನುತ್ತಿದ್ದೆ. ಅವ್ವ ಗುಡಿಸುತ್ತಿದ್ದ ಬಿಳಿ ಮಣ್ಣು ಬಾಗಿಲ ಬಳಿ ಗುಡ್ಡೆಯಾಗತೊಡಗಿತು, ಅದನ್ನು ತೆಗೆಯಬೇಕೆಂದು ನಮ್ಮಿಬ್ಬರಿಗೂ ಹೊಳೆಯುತ್ತಿರಲಿಲ್ಲ. ಐದು ತಿಂಗಳಾದ ಮೇಲೆ ಒಂದು ಸಂಜೆ ಅವನು ಫೋನನ್ನು ಸ್ಪೀಕರಿಗೆ ಹಾಕಿ ನನ್ನನ್ನೂ ಕೂರಿಸಿಕೊಂಡ.

“ಗಂಗಾ, ಟಿಕೆಟ್ ಮಾಡಸ್ಲಿ? ವೀಸಾ ಮುಗ್ಯಾಕ ಬಂತು.”

ಆ ಕಡೆ ಮಾಮಾನ ಮಗುವೊಂದು ಅಳುತ್ತಿತ್ತು.

“ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ,” ಎಂದಳು ಅವ್ವ. “ಖರೇನ ಇಲ್ಲ. ಆದ್ರ ಅಲ್ಲಿ ಬಂದ್ರ ದಿನಾ ಸಂಜೀಕ ನಿಮ್ಮ ಬೂಟಿನ ಮಣ್ಣ ಬಳೀಬೇಕು. ಯಾರ ಮನಿ ಮಣ್ಣೋ ಏನೋ ಅಂತ ಅನ್ನಸ್ತೈತಿ. ನನ್ನಿಂದ ಆಗಂಗಿಲ್ಲ.”

“ನೀಲಾ ಇಲ್ಲೇ ಅದಾಳ.”

“ಅಕಿನ್ನ ಕಳಸ್ರಿ ಅಂತ ಹೇಳಂಗಿಲ್ಲ. ಇಲ್ಲಿ ಶೆಡ್ಡಿನ್ಯಾಗ ಏನ್ ಓದ್ತಾಳ. ಅಲ್ಲೇ ಓದ್ಲಿ.”

ನೀಲಾ ಎಂದರೆ ನಾನು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ವೀಸಾ ಹೋಯಿತು. ಆ ದಿನ ಅಪ್ಪ ಎಂದಿನಂತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕೂತ. ಅಂಗೈ ಮುಂದೆ ಚಾಚಿಕೊಂಡು ಕೂತವನು ಕೆಲಸಕ್ಕೆ ಹೊತ್ತಾದರೂ ಏಳಲಿಲ್ಲ. ಹೊರಗೆ ಅವನ ಜೊತೆಯವರು ಬಂದು ಹಾರ್ನ್ ಹಾಕಿ ಹಾಕಿ ಹೋದರು. ಮುಂದೆ ನಾನು ಪ್ರತಿ ಬೇಸಿಗೆ ಅವ್ವನ ಹತ್ತಿರ ಹೋಗಿ ಬರುತ್ತಿದ್ದೆ. ಅವರಿಬ್ಬರೂ ಮದುವೆ ಮುಂಜಿಗಳಲ್ಲಿ ಎದುರಾದರೆ ಊಟ ಆಯಿತಾ ಎಂದು ಕೇಳಿಕೊಳ್ಳುತ್ತಿದ್ದರು. ಕಾಲೊನಿಯಲ್ಲಿ ಮಾಮಾ ಸಿಮೆಂಟಿನ ಮನೆ ಕಟ್ಟಿದ ಮೇಲೆ ಅವ್ವ ಅಲ್ಲೇ ತೀರಿಕೊಂಡಳು. ಅಪ್ಪ ಹೋಗಿ ಮಣ್ಣು ಕೊಟ್ಟು ಬಂದ. ಹೊಂಡದ ಉದ್ದಗಲ ಎಷ್ಟಿರಬೇಕು ಎಂದು ಯಾರೋ ಅವನನ್ನು ಕೇಳಿದರಂತೆ, ಅವನು ದೂರ ಹೋಗಿ ನಿಂತನಂತೆ. ನಾನೀಗ ದೋಹಾದ ಅಲ್ ಹಿಲಾಲ್‌ನಲ್ಲಿ ಬಾಡಿಗೆ ಫ್ಲಾಟಿನಲ್ಲಿದ್ದೇನೆ. ಗೋಡೆಗಳಿಗೆ ಒಂದೂ ಮೊಳೆ ಹೊಡೆದಿಲ್ಲ.

ವೀಸಾ ಹೋದ ವರ್ಷವೇ ನಡೆದ ಒಂದು ಸಂಗತಿ ನನ್ನೊಳಗೆ ಉಳಿದಷ್ಟು ಬೇರೆ ಯಾವುದೂ ಉಳಿದಿಲ್ಲ. ಅಲ್ ಖೋರ್‌ನ ಪೆಟ್ರೋಲ್ ಪಂಪಿನಲ್ಲಿ ನಮ್ಮ ಪಿಕಪ್ ನಿಂತಿತ್ತು. ಪಕ್ಕದ ಸಾಲಿಗೆ ದೊಡ್ಡ ಗಾಡಿಯೊಂದು ಬಂದು ನಿಂತಿತು. ಹಿಂದಿನ ಕಿಟಕಿ ಇಳಿದು ಉಮ್ ನಾಸಿರ್ ಮುಖ ಕಂಡಿತು. ಬಹಳ ಇಳಿದುಹೋಗಿದ್ದರು. ನನ್ನನ್ನು ಗುರುತಿಸಿ ಕೈ ಚಾಚಿದರು, ನಾನು ಇಳಿದು ಹೋಗಿ ಹಿಡಿದುಕೊಂಡೆ. ಅಪ್ಪನೂ ಇಳಿದ. ಅವರು ನಮ್ಮ ಗಾಡಿಯೊಳಗೆ ಹಣಿಕಿ ನೋಡಿದರು.

“ಗಂಗಾ ವೇನ್?”

ಗಂಗಾ ಎಲ್ಲಿ. ನಾನು ಅಪ್ಪನನ್ನು ನೋಡಿದೆ. ಅವನು ಇದ್ದದ್ದನ್ನು ಹೇಳುತ್ತಾನೆ ಎಂದು ನನಗೆ ಖಾತ್ರಿ ಇತ್ತು.

“ತವರಿಗೆ ಹೋಗಿದ್ದಾಳೆ,” ಎಂದ ಅಪ್ಪ ತನ್ನ ಹಿಂದಿಯಲ್ಲಿ. “ಅವರ ಮನೆ ರಿಪೇರಿ ನಡೆದಿದೆ. ಮುಗಿದ ಕೂಡಲೇ ಬರುತ್ತಾಳೆ.”

“ಕೆಡವಲಿಲ್ಲವೇ?” ಉಮ್ ನಾಸಿರ್ ಮುಖ ಅರಳಿತು. “ಕೆಡವುತ್ತಾರೆ ಎಂದು ನನ್ನ ಹತ್ತಿರ ಅತ್ತಿದ್ದಳು.”

“ಇಲ್ಲ. ಬಿಟ್ಟರು.”

“ಅಲ್‌ಹಮ್ದುಲಿಲ್ಲಾ.”

ಅಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮೇಲ್ಮಾಳಿಗೆಗೆ ಹೊಸ ತೊಲೆ ಹಾಕಿಸುತ್ತಿದ್ದಾರೆ ಎಂದ. ಅಡುಗೆಮನೆಗೆ ಒಂದು ಕಿಟಕಿ ಇಡಿಸುತ್ತಿದ್ದಾರೆ, ಬೆಳಕು ಕಡಿಮೆ ಇತ್ತು ಎಂದ. ಸುಣ್ಣ ಹಚ್ಚುವುದೊಂದು ಬಾಕಿ ಎಂದ. ಹೇಳುತ್ತ ಹೇಳುತ್ತ ಅವನ ಕೈ ಗಾಳಿಯಲ್ಲಿ ಗೋಡೆ ಎಲ್ಲಿ, ಬಾಗಿಲು ಎಲ್ಲಿ ಎಂದು ತೋರಿಸುತ್ತಿತ್ತು. ಅವನ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು ಅದು. ಉಮ್ ನಾಸಿರ್ ಪ್ರತಿಯೊಂದಕ್ಕೂ ತಲೆ ಆಡಿಸಿ ಕೇಳಿದರು, ಅವಳು ಬಂದ ಮೇಲೆ ಮನೆಗೆ ಕರೆದುಕೊಂಡು ಬಾ ಎಂದರು. ನಾಸಿರ್ ಗಾಡಿ ಮುಂದಕ್ಕೆ ತೆಗೆದ.

ನಾವು ಹತ್ತಿ ಕೂತೆವು. ಪೆಟ್ರೋಲ್ ತುಂಬಿಯಾಗಿತ್ತು. ಪಂಪಿನವನು ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ, ಯಲ್ಲಾ ಎಂದು ಕೈ ಮಾಡಿದ. ಹಿಂದೆ ಗಾಡಿಗಳು ಸಾಲುಗಟ್ಟಿದ್ದವು.

“ಅಪ್ಪಾ, ಹೋಗೂಣು,” ಎಂದೆ.

“ಹೂಂ,” ಎಂದ ಅಪ್ಪ. ಕೀಲಿ ತಿರುಗಿಸಲಿಲ್ಲ.